ಹಳಿ ಇಲ್ಲದ ಹೊಳೆ

ನೊಯೆಲಿನ್ ಹಾಸ್ಕಿನ್‌ಗೆ ಹೆದರಿಕೆ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಅಡಿಲೇಡ್‌ಗೆ ಉತ್ತರದ ಪೀಟರ್‌ಬರೋ ಊರಿನ ಬೇಸಿಗೆಯಲ್ಲಿ ತಗಡಿನ ಸೂರು ಕಾದು ಟಕ್ಕೆಂದರೆ ಮೇಜಿನ ಕೆಳಗೆ ಸೇರಿಕೊಳ್ಳುತ್ತಿದ್ದ ಹುಡುಗಿ ಅವಳು. ದೊಡ್ಡವಳಾಗಿ ಶಾಲೆಯ ಕ್ಯಾಂಟೀನ್ ನಡೆಸಿದಳು. ಊಟದ ಬಿಡುವಿನಲ್ಲಿ ನುಗ್ಗಿ ಬರುವ ಮಕ್ಕಳ ಗಲಾಟೆಯನ್ನು ಒಂದೇ ಗದರಿಕೆಯಲ್ಲಿ ಅಡಗಿಸುವಷ್ಟು ಗಟ್ಟಿಗಿತ್ತಿ ಎನಿಸಿಕೊಂಡಳು. ಆದರೆ ಊರಾಚೆಯ ಹೆದ್ದಾರಿಯಲ್ಲಿ ಕಾರು ಓಡಿಸು ಎಂದರೆ ಸಾಕು, ಅಂಗೈ ಬೆವರುತ್ತಿತ್ತು. ಲೈಸೆನ್ಸೇನೋ ಇತ್ತು. ಅಂಗಡಿಗೆ ಹೋಗಿ ಬರುವುದಕ್ಕೆ, ಚರ್ಚಿನ ಕೇಕ್ ಮಾರಾಟಕ್ಕೆ ಡಬ್ಬಿ ಸಾಗಿಸುವುದಕ್ಕೆ ಅಷ್ಟು ಸಾಲುತ್ತಿತ್ತು. ಉಳಿದದ್ದಕ್ಕೆಲ್ಲ ಕೆಲ್ವಿನ್ ಇದ್ದ.

ಕೆಲ್ವಿನ್ ರೈಲು ಓಡಿಸುತ್ತಿದ್ದ. ಬ್ರೋಕನ್ ಹಿಲ್‌ನ ಗಣಿಯಿಂದ ಅದಿರು ತುಂಬಿದ ಗಾಡಿಗಳನ್ನು ಪೀಟರ್‌ಬರೋ ಹಾಯ್ದು ಪೋರ್ಟ್ ಪಿರಿಯ ಸಮುದ್ರದಂಡೆಗೆ ಇಳಿಸುವುದು ಅವನ ಜೀವಮಾನದ ಕೆಲಸ. ಎತ್ತರದ ಆಳು, ಮಾತು ಕಡಿಮೆ, ಅವಸರ ಎಂಬುದನ್ನೇ ಅರಿಯದವನು. ಅವನ ಪಕ್ಕದಲ್ಲಿ ಕೂತರೆ ನೊಯೆಲಿನ್‌ಗೆ ಎಂಥ ದಾರಿಯೂ ಭಯವೆನಿಸುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ಅವನು ನಿವೃತ್ತನಾದ ವರ್ಷವೇ ಇಬ್ಬರೂ ಕೂತು ಯೋಚಿಸಿ ಮನೆ ಮಾರಿದರು. ಬಂದ ಹಣದಲ್ಲಿ ಹಾಸಿಗೆ, ಒಲೆ, ಸ್ನಾನದ ಗೂಡು ಎಲ್ಲ ಒಳಗೇ ಇರುವ ಮೋಟಾರ್‌ಹೋಮ್ ಒಂದನ್ನು ಕೊಂಡರು. ಪಿಂಗಾಣಿ ತಟ್ಟೆಗಳು ನೊಯೆಲಿನ್‌ಳ ತಂಗಿಯ ಮನೆಗೆ ಹೋದವು, ಸೋಫಾ ನೆರೆಮನೆಗೆ ಹೋಯಿತು. ಅಂದಿನಿಂದ ಆ ಗಾಡಿಯೇ ಮನೆ.

ಅವರಂತೆಯೇ ತಲೆ ನರೆತ ಮೇಲೆ ಮನೆ ಬಿಟ್ಟು ಗಾಡಿ ಹತ್ತಿದವರು ಆ ದೇಶದ ರಸ್ತೆಗಳಲ್ಲಿ ತುಂಬ ಇದ್ದಾರೆ. ಚಳಿಗಾಲದಲ್ಲಿ ಉತ್ತರದ ಬೆಚ್ಚನೆಯ ಕಡೆಗೆ, ಬೇಸಿಗೆಯಲ್ಲಿ ದಕ್ಷಿಣದ ಕಡಲ ಕಡೆಗೆ. ಸಂಜೆ ಎಲ್ಲಾದರೂ ಮರದ ಕೆಳಗೆ ಗಾಡಿ ನಿಲ್ಲಿಸಿ ಮಡಿಚುವ ಕುರ್ಚಿ ಬಿಡಿಸಿದರೆ ಪಕ್ಕದ ಗಾಡಿಯವರು ಬಿಯರ್ ಹಿಡಿದು ಬಂದು ಕೂರುತ್ತಾರೆ. ಬೆಳಗ್ಗೆ ನೋಡಿದರೆ ಇರುವುದಿಲ್ಲ. ನೊಯೆಲಿನ್‌ಗೆ ಈ ಬಾಳು ತಾನು ಎಣಿಸಿದ್ದಕ್ಕಿಂತ ಹೆಚ್ಚು ಹಿಡಿಸಿತು. ಕೆಲ್ವಿನ್ ಓಡಿಸುತ್ತಿದ್ದ, ಅವಳು ನಕ್ಷೆ ನೋಡುತ್ತಿದ್ದಳು, ಥರ್ಮಾಸ್‌ನಿಂದ ಟೀ ಬಗ್ಗಿಸುತ್ತಿದ್ದಳು. ಹಾಗೆ ಹಲವು ವರ್ಷ ಸುಖವಾಗಿ ಉರುಳಿದವು.

ಮೊದಲ ಸಲ ಎದೆ ಧಸಕ್ಕೆಂದದ್ದು ಪಶ್ಚಿಮಕ್ಕೆ ಹೋಗುವ ಬಯಲು ಹೆದ್ದಾರಿಯಲ್ಲಿ. ಡೀಸೆಲ್ ತುಂಬಿಸಿಕೊಂಡು ಬಂದ ಕೆಲ್ವಿನ್ ಗಾಡಿಯನ್ನು ಬಂದ ದಾರಿಗೇ ತಿರುಗಿಸಿದ. ಅವಳು ಹೇಳಿದಾಗ, ಹೌದಲ್ಲ, ಎಂದು ನಕ್ಕು ಸರಿ ಮಾಡಿಕೊಂಡ. ಆ ಬಯಲಿನಲ್ಲಿ ಎರಡು ದಿಕ್ಕೂ ಒಂದೇ ಥರ ಕಾಣುತ್ತದೆ, ಯಾರಿಗಾದರೂ ಆಗುವಂಥದು ಎಂದು ಅವಳು ಸಮಾಧಾನ ಮಾಡಿಕೊಂಡಳು. ಆಮೇಲೆ ಚಮಚದ ಡ್ರಾಯರಿನಲ್ಲಿ ಅವನ ಹಲ್ಲುಜ್ಜುವ ಬ್ರಷ್ ಸಿಕ್ಕಿತು. ತಂಗಿಯ ಗಂಡನ ಹೆಸರು ಅವನಿಗೆ ಎಷ್ಟು ಹೊತ್ತಾದರೂ ನೆನಪಿಗೆ ಬರಲಿಲ್ಲ. ಅದನ್ನೂ ನುಂಗಿಕೊಂಡಳು.

ಆದರೆ ಆ ಚಳಿಗಾಲದ ಕೊನೆಯಲ್ಲಿ ಸೆಡೂನಾ ಊರಿನ ಆಚೆ ನಡೆದದ್ದನ್ನು ನುಂಗಿಕೊಳ್ಳುವುದು ಕಷ್ಟವಾಯಿತು. ಗೇಟಿಲ್ಲದ ರೈಲ್ವೆ ಕ್ರಾಸಿಂಗ್ ಒಂದು ಬಂತು. ಕೆಲ್ವಿನ್ ನಿಧಾನ ಮಾಡಿದ, ಎರಡೂ ಕಡೆ ನೋಡಿದ, ಮುಂದಕ್ಕೆ ಹೋದ, ಸರಿಯಾಗಿ ಹಳಿಯ ಮೇಲೆ ಗಾಡಿ ನಿಲ್ಲಿಸಿದ. ಎಂಜಿನ್ ಆರಿಸಿದ. ಕಿಟಕಿ ಇಳಿಸಿ ಮೊಣಕೈ ಊರಿಕೊಂಡು, ಹಳಿ ಹೋಗಿ ಬಿಸಿಲಲ್ಲಿ ಕರಗುವ ಕಡೆ ಕಣ್ಣು ನೆಟ್ಟು ಕೂತ.

"ಎಷ್ಟು ಚೆನ್ನಾಗಿ ಹಾಸಿದಾರೆ ನೋಡು ನೋಲಿ," ಎಂದ.

ಇಳಿದು ಓಡೋಣವೆಂದರೆ ಅವನನ್ನು ಬಿಟ್ಟು ಓಡುವುದು ಹೇಗೆ? ಕೂಗೋಣವೆಂದರೆ ಅವನು ಗಾಬರಿಯಾಗಿ ಇನ್ನೇನು ಮಾಡುತ್ತಾನೋ. ದೂರದಲ್ಲಿ ಯಾವ ಸದ್ದೂ ಇರಲಿಲ್ಲ. ಆ ನಿಶ್ಶಬ್ದವೇ ಅವಳ ಕಿವಿಯೊಳಗೆ ರೈಲಿನ ಹಾಗೆ ಧಡಧಡಿಸುತ್ತಿತ್ತು. ನೊಣ ಕಚ್ಚುತ್ತಿದೆ, ಮುಂದೆ ಹೋಗೋಣ ಎಂದು ಹೇಗೋ ಹೇಳಿದಳು. ಸರಿ ಎಂದು ಅವನು ಕೀಲಿ ತಿರುಗಿಸಿದ. ದಾಟಿ ಸ್ವಲ್ಪ ದೂರ ಹೋದ ಮೇಲೆ ಹಾಡು ಗುನುಗತೊಡಗಿದ. ಅವಳು ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದಳು; ಮುಂದಿನ ಊರು ಬರುವವರೆಗೂ ಬಿಡಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಡಾಕ್ಟರು, ಡಾಕ್ಟರು ಹೇಳಿದರೆ ಅವನ ಲೈಸೆನ್ಸ್ ಹೋಯಿತು, ಲೈಸೆನ್ಸ್ ಹೋದರೆ ಗಾಡಿ ನಿಂತಿತು. ಗಾಡಿ ನಿಂತರೆ ಅವರಿಗೆ ಹೋಗಿ ಸೇರುವುದಕ್ಕೆ ಮನೆಯೇ ಇಲ್ಲ. ಅವನನ್ನು ಯಾವುದೋ ವೃದ್ಧಾಶ್ರಮದ ಉದ್ದನೆಯ ಹಜಾರದಲ್ಲಿ ಚಪ್ಪಲಿ ಎಳೆದುಕೊಂಡು ಓಡಾಡಲು ಬಿಡಬೇಕಾಗುತ್ತದೆ. ಹೀಗೆ ಹೆದರಿಕೆಯ ಮೇಲೆ ಹೆದರಿಕೆ ಪೇರಿಸಿಕೊಂಡು ಅವಳು ಬಾಯಿ ಹೊಲಿದುಕೊಂಡಳು. ಅಲ್ಲಿಂದ ಮುಂದೆ ನಕ್ಷೆ ನೋಡುವುದನ್ನು ಬಿಟ್ಟು ರಸ್ತೆಯನ್ನೇ ನೋಡುತ್ತ ಕೂರುವುದು ಅಭ್ಯಾಸವಾಯಿತು. ತಿರುವು ಬಂದರೆ ತಿರುವು ಎನ್ನುತ್ತಿದ್ದಳು, ಎದುರಿಗೆ ಲಾರಿ ಕಂಡರೆ ಉಸಿರು ಬಿಗಿಹಿಡಿಯುತ್ತಿದ್ದಳು.

ಪ್ರತಿವರ್ಷ ಶರತ್ಕಾಲದಲ್ಲಿ ಡೆಸ್ ಮತ್ತು ಕೋರಲ್ ಜೊತೆ ಮರ್ರೆ ನದಿಯ ಮೇಲೆ ಒಂದು ವಾರ ದೋಣಿಮನೆಯಲ್ಲಿ ಕಳೆಯುವುದು ಹಾಸ್ಕಿನ್ ದಂಪತಿಗೆ ಹಬ್ಬವಿದ್ದ ಹಾಗೆ. ಡೆಸ್ ಪೀಟರ್‌ಬರೋದಲ್ಲಿ ನಲ್ಲಿ, ಪೈಪಿನ ಕೆಲಸ ಮಾಡಿಕೊಂಡಿದ್ದವನು. ಕುಳ್ಳ, ದೊಡ್ಡ ಬಾಯಿ, ಯಾರನ್ನಾದರೂ ಕಿಚಾಯಿಸದಿದ್ದರೆ ಊಟ ಸೇರದು. ಅವನ ಹೆಂಡತಿ ಕೋರಲ್ ಶಾಲೆಯ ಕ್ಯಾಂಟೀನಿನಲ್ಲಿ ನೊಯೆಲಿನ್‌ಗೆ ಜೊತೆಗಾತಿಯಾಗಿದ್ದಳು. ಇಬ್ಬರು ಹೆಂಗಸರೂ ಒಂದೇ ಬಾಣಲೆಯ ಎಣ್ಣೆ ಸಿಡಿಸಿಕೊಂಡು ಕೈ ಸುಟ್ಟುಕೊಂಡವರು.

ಈ ವರ್ಷ ಬರುವುದಿಲ್ಲ ಎಂದು ಹೇಳಿಬಿಡಬೇಕೆಂದು ನೊಯೆಲಿನ್ ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡಳು. ಕಾರಣ ಕೇಳಿದರೆ ಏನು ಹೇಳುವುದು? ಕೊನೆಗೆ ಅವಳೇ ತನಗೆ ತಾನು ಹೇಳಿಕೊಂಡದ್ದು ಇಷ್ಟು: ಹೊಳೆಯ ಮೇಲೆ ಎದುರು ಲಾರಿ ಬರುವುದಿಲ್ಲ. ದೋಣಿಮನೆ ಓಡುವುದು ಮನುಷ್ಯ ನಡೆಯುವ ವೇಗದಲ್ಲಿ. ನಾನು ಅವನ ಪಕ್ಕದಲ್ಲೇ ಕೂತಿರುತ್ತೇನೆ.

ಹೊಳೆ ದಂಡೆಯ ರೆನ್‌ಮಾರ್ಕ್ ಊರಿನ ದೋಣಿಕಟ್ಟೆಯಲ್ಲಿ ಮೋಟಾರ್‌ಹೋಮ್ ನಿಲ್ಲಿಸಿ ಸಾಮಾನು ಸಾಗಿಸಿದರು. ದೋಣಿಯ ಬಾಡಿಗೆ ಕಂಪನಿಯ ಹುಡುಗಿ ದೋಣಿ ತಿರುಗಿಸುವ ಚಕ್ರ, ಎರಡು ಎಂಜಿನ್ನನ್ನು ಮುಂದಕ್ಕೆ ಹಿಂದಕ್ಕೆ ಓಡಿಸುವ ಎರಡು ಹಿಡಿ, ನೀರಿನ ಪಂಪು ಎಲ್ಲ ತೋರಿಸಿದಳು. ಕೆಲ್ವಿನ್ ತಲೆಯಾಡಿಸಿದ. ಪ್ರತಿವರ್ಷವೂ ಚಕ್ರ ಅವನದೇ. ಅದರ ಬಗ್ಗೆ ಯಾರೂ ಮಾತೇ ಆಡುತ್ತಿರಲಿಲ್ಲ.

"ಹುಷಾರು ಮಾರಾಯ," ಡೆಸ್ ಬಿಯರ್ ಡಬ್ಬ ಒಡೆಯುತ್ತ ಹೇಳಿದ. "ಇಲ್ಲಿ ಹಳಿ ಇಲ್ಲ. ನಿಂಗೆ ಎಡ ಬಲ ಅಂದ್ರೆ ಏನೂಂತ ಗೊತ್ತಾ ಮೊದ್ಲು?"

"ನಿನ್ನ ಪೈಪಿನ ಹಾಗೆ ಸೋರೋದಿಲ್ಲ ನನ್ನ ದೋಣಿ," ಎಂದ ಕೆಲ್ವಿನ್.

ಎಲ್ಲರೂ ನಕ್ಕರು. ಆ ಉತ್ತರ ಅವನ ಹಳೆಯ ಉತ್ತರವೇ, ಪ್ರತಿವರ್ಷ ಕೊಡುತ್ತಿದ್ದದ್ದೇ. ಅದು ಇನ್ನೂ ಅವನ ಬಳಿ ಇದೆಯಲ್ಲ ಎಂದು ನೊಯೆಲಿನ್‌ಗೆ ಅಳು ಬರುವಷ್ಟು ಸಮಾಧಾನವಾಯಿತು.

ಮೊದಲ ದಿನಗಳು ಚೆನ್ನಾಗಿಯೇ ಹೋದವು. ದಡದ ಕೆಂಪು ಮಣ್ಣಿನ ಗೋಡೆ, ಅದರ ಕೆಳಗೆ ಸಾಲಾಗಿ ಕೂತ ಪೆಲಿಕನ್ನುಗಳು, ನೀರಿಗೆ ಬಾಗಿದ ಗಮ್ ಮರಗಳಿಂದ ಒಮ್ಮೆಗೇ ಕಿರುಚುತ್ತ ಏಳುವ ಬಿಳಿ ಗಿಳಿಗಳು. ಸಂಜೆ ದೋಣಿಯ ಮೂತಿಯನ್ನು ದಡಕ್ಕೆ ತುರುಕಿ ಹಗ್ಗವನ್ನು ಮರಕ್ಕೆ ಬಿಗಿಯುತ್ತಿದ್ದರು. ಡೆಸ್ ಕುರಿಮಾಂಸದ ತುಂಡು ಸುಡುತ್ತ, ಗಾಳದಿಂದ ತಪ್ಪಿಸಿಕೊಂಡ ಮೀನಿನ ಉದ್ದವನ್ನು ದಿನದಿಂದ ದಿನಕ್ಕೆ ಬೆಳೆಸುತ್ತಿದ್ದ. ನೊಯೆಲಿನ್ ಮಾತ್ರ ಇಡೀ ಹೊತ್ತು ಕೆಲ್ವಿನ್‌ನ ಪಕ್ಕದ ಎತ್ತರದ ಸ್ಟೂಲು ಬಿಟ್ಟು ಏಳಲಿಲ್ಲ. ಹೊಸ ಮದುಮಕ್ಕಳ ಹಾಗೆ ಅಂಟಿಕೊಂಡಿದ್ದೀರಲ್ಲ ಎಂದು ಕೋರಲ್ ಛೇಡಿಸಿದಳು. ನೊಯೆಲಿನ್ ನಕ್ಕಳು. ಮುಂದೆ ಮುಳುಗಿದ ಮರ ಕಂಡರೆ ಉಸಿರು ಬಿಗಿಹಿಡಿಯುತ್ತಿದ್ದಳು. ಅಷ್ಟರಲ್ಲಿ ಕೆಲ್ವಿನ್ ತಾನೇ ಚಕ್ರ ತಿರುಗಿಸಿರುತ್ತಿದ್ದ. ನೀರಿನ ಮೇಲೆ ಇವನು ಸರಿಯಾಗಿಯೇ ಇದ್ದಾನೆ, ನಾನೇ ಇಲ್ಲದ್ದನ್ನು ಕಲ್ಪಿಸಿಕೊಂಡೆನೇನೋ ಎಂದು ಅವಳಿಗೆ ಅನ್ನಿಸತೊಡಗಿತು.

ಹಾಗೆ ಅನ್ನಿಸಿದ್ದರಿಂದಲೇ ಅವತ್ತು ಮಧ್ಯಾಹ್ನ ಎದ್ದು ಹೋದಳು. ಗಾಳಿ ಎದ್ದಿತ್ತು. ಡೆಸ್ ದೋಣಿಯ ಮಾಳಿಗೆಯ ಮೇಲೆ ಟೋಪಿ ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದ. ಕೋರಲ್ ಒಳಗೆ ಅಡುಗೆ ಕಟ್ಟೆಯಲ್ಲಿ ಸ್ಕೋನ್ ಎಂಬ ಪುಟ್ಟ ಬನ್ನು ಮಾಡಲು ಹಿಟ್ಟು ಹರವಿಕೊಂಡು, ನಿನ್ನ ಕೈಯ ಸ್ಕೋನ್ ತಿಂದು ವರ್ಷವಾಯಿತು, ಬಾರೇ ಎಂದು ಕರೆದಳು. ಆಗುವುದಿಲ್ಲ ಎನ್ನಲು ನೆಪ ಸಿಗಲಿಲ್ಲ. ನೊಯೆಲಿನ್ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜುತ್ತ ನಿಂತಳು. ಕೋರಲ್ ತನ್ನ ಮೊಮ್ಮಗಳ ಮದುವೆಯ ಗೌನಿನ ಕತೆ ಹೇಳುತ್ತಿದ್ದಳು.

ಆಗ ಹಾರ್ನ್ ಕೇಳಿಸಿತು. ದೀರ್ಘವಾಗಿ, ನಿಲ್ಲದೆ.

ಆ ನದಿಗೆ ಸೇತುವೆಗಳು ಕಡಿಮೆ. ಸಣ್ಣ ಊರುಗಳಲ್ಲಿ ವಾಹನಗಳನ್ನು ಫೆರ್ರಿಯೇ ಈ ದಡದಿಂದ ಆ ದಡಕ್ಕೆ ದಾಟಿಸುತ್ತದೆ. ಹೊಳೆಯ ತಳದಲ್ಲಿ ಅಡ್ಡಲಾಗಿ ಹಾಕಿದ ಉಕ್ಕಿನ ಹಗ್ಗಗಳನ್ನು ಹಿಡಿದು ಅದು ಸಾಗುತ್ತದೆ. ಅದು ಸಾಗುವಾಗ ಹಗ್ಗಗಳು ಬಿಗಿದು ನೀರಿನಿಂದ ಮೇಲೇಳುತ್ತವೆ. ಆ ಹೊತ್ತಿಗೆ ಅಲ್ಲಿಗೆ ಬಂದ ದೋಣಿಯ ಗತಿ ಮುಗಿದಂತೆ. ಹಾಗಾಗಿ ಫೆರ್ರಿ ಹೊರಟಿದ್ದರೆ ದೋಣಿಗಳು ದೂರದಲ್ಲೇ ನಿಂತು ಕಾಯಬೇಕು. ಇದು ಕೆಲ್ವಿನ್‌ಗೆ ಹೇಳಿಕೊಡಬೇಕಾದ ಸಂಗತಿ ಆಗಿರಲಿಲ್ಲ.

ನೊಯೆಲಿನ್ ತಲೆಯೆತ್ತಿದಳು. ಮುಂದಿನ ಗಾಜಿನಾಚೆ, ಹೊಳೆಯ ನಟ್ಟನಡುವೆ, ಕುರಿ ತುಂಬಿದ ಲಾರಿ ಹೊತ್ತ ಫೆರ್ರಿ. ಅದರ ನೆತ್ತಿಯ ದೀಪ ಮಿನುಗುತ್ತಿತ್ತು. ದೋಣಿಮನೆ ನಿಧಾನವಾಗಿರಲಿಲ್ಲ. ಮೊದಲಿಗಿಂತ ಜೋರಾಗಿ ಹೋಗುತ್ತಿತ್ತು.

ಹಿಟ್ಟಿನ ಕೈಯಲ್ಲೇ ಓಡಿದಳು. ಕೆಲ್ವಿನ್ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದ. ಮುಖದಲ್ಲಿ ಗಾಬರಿಯಿರಲಿ, ಗೊಂದಲದ ಗೆರೆಯೂ ಇರಲಿಲ್ಲ. ಎಷ್ಟೋ ವರ್ಷದಿಂದ ಅವಳು ಕಾಣದಿದ್ದ ಒಂದು ನೆಮ್ಮದಿ ಆ ಮುಖದಲ್ಲಿತ್ತು, ಅವಳಿಗೆ ಜೀವ ಬಾಯಿಗೆ ಬಂದದ್ದು ಅದನ್ನು ನೋಡಿಯೇ.

"ಕೆಲ್, ನಿಲ್ಸು," ಎಂದಳು.

"ಸಿಗ್ನಲ್ ಕೊಟ್ಟಿದಾರೆ," ಎಂದ ಅವನು, ಕಣ್ಣು ಕದಲಿಸದೆ. "ಹಿಂದೆ ಪೂರ್ತಿ ಅದಿರಿದೆ. ಇಳಿಜಾರಲ್ಲಿ ನಿಲ್ಸೋಕಾಗಲ್ಲ."

ಅವಳು ಕೈಗೆ ಸಿಕ್ಕ ಹಿಡಿಯೊಂದನ್ನು ಹಿಂದಕ್ಕೆ ಎಳೆದುಬಿಟ್ಟಳು. ಅದು ಒಂದೇ ಎಂಜಿನ್ನಿನದು. ಇನ್ನೊಂದು ಎಂಜಿನ್ ತಳ್ಳುತ್ತಲೇ ಇತ್ತು. ದೋಣಿ ಗಕ್ಕನೆ ವಾಲಿ ಅಡ್ಡಡ್ಡ ತಿರುಗಿತು. ಒಳಗೆ ಪಾತ್ರೆಗಳು ಉರುಳಿದ ಸದ್ದು, ಅದರ ಹಿಂದೆಯೇ ಕೋರಲ್‌ಳ ಕೂಗು. ದೋಣಿಯ ಅಗಲವಾದ ಮಗ್ಗುಲು ಗಾಳಿಗೆ ಸಿಕ್ಕಿ ಇಡೀ ಮನೆ ಫೆರ್ರಿಯ ಕಡೆಗೆ ಜಾರತೊಡಗಿತು. ನೀರಿನಿಂದ ಮೇಲೆದ್ದ ಉಕ್ಕಿನ ಹಗ್ಗ ಈಗ ಅವಳಿಗೆ ಕಾಣುತ್ತಿತ್ತು. ಅದರಿಂದ ನೀರು ಸಾಲುಸಾಲಾಗಿ ತೊಟ್ಟಿಕ್ಕುತ್ತಿತ್ತು. ಫೆರ್ರಿಯವನು ಕೈ ಬೀಸುತ್ತ ಏನೋ ಅರಚುತ್ತಿದ್ದ. ಮಾಳಿಗೆಯಿಂದ ಡೆಸ್ ಕೆಳಗೆ ಬೀಳುತ್ತ ಏಳುತ್ತ ಬರುವ ಸದ್ದು.

ಅವಳಿಗೆ ಇನ್ನೊಂದು ಹಿಡಿ ಎಟುಕಲಿಲ್ಲ. ಕೆಲ್ವಿನ್‌ನ ದೊಡ್ಡ ಅಂಗೈ ಅದರ ಮೇಲಿತ್ತು. ಕಿತ್ತರೆ ಬಿಡುವ ಕೈಯಲ್ಲ ಅದು. ಅವನ ಕಿವಿಯ ಹತ್ತಿರ ಬಾಯಿ ತಂದು, ಬೆಳಗ್ಗೆ ಎಬ್ಬಿಸುವಾಗ ಮಾತಾಡುವಷ್ಟೇ ಮೆಲ್ಲಗೆ ಹೇಳಿದಳು.

"ಪೀಟರ್‌ಬರೋ ಬಂತು, ಕೆಲ್. ಸ್ಟೇಷನ್ ಬಂತು. ಬ್ರೇಕ್ ಹಾಕು."

ಅವನ ಕೈ ಚಲಿಸಿತು. ಒಂದು ಚೂರೂ ಒರಟಿಲ್ಲದೆ, ಹಿಂದಿನ ಗಾಡಿಗಳು ಒಂದಕ್ಕೊಂದು ಬಡಿಯಬಾರದು ಎಂಬಂಥ ಜೋಪಾನದಲ್ಲಿ ಆ ಹಿಡಿಯನ್ನು ಹಿಂದಕ್ಕೆ ತಂದ. ಎರಡು ಎಂಜಿನ್ನೂ ಈಗ ಹಿಂದಕ್ಕೆ ಎಳೆಯತೊಡಗಿದವು. ಫೆರ್ರಿ ನಡುನೀರಿನಲ್ಲಿ ನಿಂತಿತ್ತು, ಹಗ್ಗ ಸಡಿಲಗೊಂಡು ಇಳಿಯುತ್ತಿತ್ತು. ದೋಣಿಮನೆ ಹಿಮ್ಮುಖವಾಗಿ ದಡದ ಕಡೆಗೆ ಹೋಗಿ ನೀರಿನಲ್ಲಿ ಮುಳುಗಿದ್ದ ಗಮ್ ಮರದ ದಿಮ್ಮಿಯೊಂದಕ್ಕೆ ಧಡ್ಡೆಂದು ಬಡಿಯಿತು. ಅಲ್ಲೇ ಸಿಕ್ಕಿಕೊಂಡು ನಿಂತಿತು. ಫೆರ್ರಿಯ ಮೇಲೆ ಕುರಿಗಳು ಒಂದೇ ಸಮನೆ ಅರಚುತ್ತಿದ್ದವು.

ಕೆಲ್ವಿನ್ ಸುತ್ತ ನೋಡಿದ. ಅವನ ಮುಖದಿಂದ ಆ ನೆಮ್ಮದಿ ಇಳಿದುಹೋಗಿತ್ತು. ಅವಳ ಹಿಟ್ಟಿನ ಕೈಗಳನ್ನು ನೋಡಿ, ನಾನು ಏನು ಮಾಡಿದೆ ಎಂದು ಕೇಳಿದ. ಅವಳು ಕೈಚಾಚಿ ಎರಡು ಎಂಜಿನ್ನೂ ಆರಿಸಿದಳು.

ಕೋರಲ್ ಅಡುಗೆ ಕಟ್ಟೆಯ ಬುಡದಲ್ಲಿ ಹಿಟ್ಟಿನ ನಡುವೆ ಕೂತಿದ್ದಳು. ಎಡಗೈಯ ಮಣಿಕಟ್ಟು ವಕ್ರವಾಗಿ ತಿರುಗಿತ್ತು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಡೆಸ್ ಟವೆಲಿನಿಂದ ಕೈ ಕಟ್ಟಿ ಅವಳನ್ನು ಬೆಂಚಿಗೆ ಏರಿಸಿದ. ಫೆರ್ರಿಯವನು ಆಂಬುಲೆನ್ಸಿಗೆ ಫೋನ್ ಮಾಡಿದ್ದೇನೆ ಎಂದು ದಡದಿಂದ ಕೂಗಿ ಹೇಳಿದ. ಅಷ್ಟಾದ ಮೇಲೆ ಡೆಸ್ ನೊಯೆಲಿನ್‌ಳನ್ನು ಹೊರಗಿನ ಅಟ್ಟಣಿಗೆಗೆ ಕರೆದ. ಅವಳು ಎಲ್ಲ ಹೇಳಿದಳು. ಹಳಿಯ ಮೇಲೆ ನಿಂತದ್ದನ್ನೂ ಹೇಳಿದಳು.

"ಯಾವಾಗಿಂದ ಗೊತ್ತು ನಿಂಗೆ?"

"ಚಳಿಗಾಲದಿಂದ."

"ಗೊತ್ತಿದ್ದೂ ನಮ್ಮನ್ನ ಹತ್ತಿಸ್ಕೊಂಡೆ." ಡೆಸ್ ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. "ನಾನು ಮೇಲೆ ಗೊರಕೆ ಹೊಡೀತಿದ್ದೆ ನೋಲಿ. ಅವನಿದಾನೆ ಅಂತ ನಿದ್ದೆ ಮಾಡ್ತಿದ್ದೆ."

ಆಂಬುಲೆನ್ಸಿನವರು ದಡದಿಂದ ಹಲಗೆ ಹಾಕಿ ಕೋರಲ್‌ಳನ್ನು ಇಳಿಸಿಕೊಂಡರು. ಡೆಸ್ ಅವಳ ಹಿಂದೆಯೇ ಹೋದ. ತಿರುಗಿ ನೋಡಲಿಲ್ಲ.

ದೋಣಿಯನ್ನು ಬಿಡಿಸಲು ಕಂಪನಿಯವರು ಬರುವವರೆಗೆ ಗಂಡಹೆಂಡಿರಿಬ್ಬರೇ ಅಲ್ಲಿ ಉಳಿದರು. ಗಾಳಿ ಬಿದ್ದಿತ್ತು. ನೊಯೆಲಿನ್ ನೆಲದ ಹಿಟ್ಟು ಗುಡಿಸುತ್ತಿದ್ದಳು. ಕೆಲ್ವಿನ್ ಬಂದು ಬೆಂಚಿನ ಮೇಲೆ ಕೂತು, ಬಿಡು ಅದನ್ನ, ಎಂದ. ಅವಳು ಪಕ್ಕದಲ್ಲಿ ಕೂತಳು. ಅವನು ಹೊಳೆಯ ಕಡೆ ನೋಡುತ್ತ ಹೇಳಿದ.

"ನಂಗೆ ಗೊತ್ತು ನೋಲಿ. ನಿಂಗಿಂತ ಮುಂಚೆಯಿಂದ ಗೊತ್ತು. ರಸ್ತೆ ಒಂದೊಂದ್ಸಲ ಕಳೆದುಹೋಗುತ್ತೆ. ಕಾಣತ್ತೆ, ಆದ್ರೆ ಅದನ್ನ ಏನು ಮಾಡ್ಬೇಕು ಅಂತ ತಿಳಿಯಲ್ಲ."

"ಹಾಗಿದ್ರೆ ಹೇಗೆ ಓಡಿಸ್ತಿದ್ದೆ ಇಷ್ಟು ದಿನ?"

"ನಿನ್ನ ಉಸಿರು ಕೇಳಿಸ್ಕೊಂಡು," ಎಂದ ಕೆಲ್ವಿನ್. "ನೀನು ಉಸಿರು ಹಿಡಿದ್ರೆ ಬ್ರೇಕ್ ಹಾಕ್ತಿದ್ದೆ. ಬಿಟ್ರೆ ಮುಂದೆ ಹೋಗ್ತಿದ್ದೆ. ನೀನು ಹೆದರ್ತೀಯಲ್ಲ, ಎಲ್ಲಾದಕ್ಕೂ. ಆ ಹೆದರಿಕೆ ಯಾವತ್ತೂ ಕೈಕೊಡಲ್ಲ ಅಂತ ಗೊತ್ತಿತ್ತು. ಇವತ್ತು ನೀನು ಪಕ್ಕದಲ್ಲಿರ್ಲಿಲ್ಲ."

ಆ ಬಯಲಿನ ಹೆದ್ದಾರಿಯಲ್ಲಿ ಎದುರಿಗೆ ಬಂದ ಒಂದೊಂದು ಲಾರಿಯೂ ನೊಯೆಲಿನ್‌ಳ ಕಣ್ಣಮುಂದೆ ಬಂತು. ಅವಳು ಒಮ್ಮೆ ತೂಕಡಿಸಿದ್ದಿದ್ದರೆ? ಟೀ ಬಗ್ಗಿಸಲು ಬಾಗಿದ ಹೊತ್ತಿನಲ್ಲಿ ಯಾವುದಾದರೂ ಬಂದಿದ್ದರೆ? ಅಷ್ಟು ಸಾವಿರ ಕಿಲೋಮೀಟರು ತಾನು ಪ್ರಯಾಣಿಕಳಾಗಿ ಕೂತಿದ್ದೇನೆ ಎಂದುಕೊಂಡಿದ್ದಳು. ಅವಳಿಗೆ ವಾಕರಿಕೆ ಬಂದು ದೋಣಿಯ ಅಂಚಿಗೆ ಹೋಗಿ ಬಗ್ಗಿ ನಿಂತಳು. ಕೆಲ್ವಿನ್ ಹಿಂದೆ ಬಂದು ಅವಳ ಬೆನ್ನು ಸವರುತ್ತ, ಏನಾದರೂ ತಿಂದದ್ದು ಹಿಡಿಸಲಿಲ್ಲವೇ ಎಂದು ಕೇಳಿದ. ಆಡಿದ ಮಾತು ಅಷ್ಟರಲ್ಲೇ ಅವನಿಗೆ ಮರೆತಿತ್ತೋ, ಮರೆತವನಂತೆ ನಟಿಸಿದನೋ, ಅವಳಿಗೆ ಇಂದಿಗೂ ಗೊತ್ತಿಲ್ಲ.

ಕಂಪನಿಯವರು ದೋಣಿಯನ್ನೂ ಅವರನ್ನೂ ರೆನ್‌ಮಾರ್ಕ್‌ಗೆ ತಂದು ಬಿಟ್ಟರು. ಮೋಟಾರ್‌ಹೋಮ್ ಕಟ್ಟೆಯ ಬಳಿ ಬಿಸಿಲಿಗೆ ಕಾದು ನಿಂತಿತ್ತು. ಕೋರಲ್ ಇದ್ದ ಆಸ್ಪತ್ರೆ ಪಕ್ಕದ ಊರಲ್ಲಿ. ಕೆಲ್ವಿನ್ ಎಡಗಡೆಯ ಬಾಗಿಲು ತೆಗೆದು ಅವಳ ಸೀಟಿನಲ್ಲಿ ಹತ್ತಿ ಕೂತ.

ಅವಳು ಬಹಳ ಹೊತ್ತು ಹೊರಗೇ ನಿಂತಿದ್ದಳು. ಆಮೇಲೆ ಹತ್ತಿದಳು. ಸೀಟನ್ನು ಮುಂದಕ್ಕೆ ಎಳೆದುಕೊಳ್ಳಬೇಕಾಯಿತು, ಕನ್ನಡಿ ಇಳಿಸಬೇಕಾಯಿತು. ಇಷ್ಟು ವರ್ಷ ಒಳಗೆ ಬದುಕಿದ ಮನೆ ಹಿಂದಕ್ಕೆ ಎಷ್ಟು ಉದ್ದವಿದೆ ಎಂದು ಆಗ ಗೊತ್ತಾಯಿತು. ಕಟ್ಟೆಯಿಂದ ರಸ್ತೆಗೆ ಬರುವಾಗ ಹಿಂದಿನ ಚಕ್ರ ಹೂವಿನ ಪಾತಿಯನ್ನು ಹತ್ತಿ ಇಳಿಯಿತು. ಹೆದ್ದಾರಿಯಲ್ಲಿ ದ್ರಾಕ್ಷಿ ತುಂಬಿದ ಲಾರಿಯೊಂದು ಎದುರಿಗೆ ಬಂದಾಗ ಅವಳು ಕಣ್ಣು ಮುಚ್ಚಿಕೊಳ್ಳದಿರಲು ತನ್ನ ತುಟಿಯನ್ನು ರಕ್ತ ಬರುವಂತೆ ಕಚ್ಚಿದಳು. ಲಾರಿಯ ಗಾಳಿಗೆ ಗಾಡಿ ಹೊಯ್ದಾಡಿತು. ಹಿಂದಿನ ಕಾರಿನವರು ಹಾರ್ನ್ ಹೊಡೆದು, ಬೈದು, ಮುಂದೆ ಹೋದರು. ಆಸ್ಪತ್ರೆಯ ಅಂಗಳದಲ್ಲಿ ಎರಡು ಕಾರು ನಿಲ್ಲುವ ಜಾಗಕ್ಕೆ ಅಡ್ಡಲಾಗಿ ನಿಲ್ಲಿಸಿ, ಸ್ಟಿಯರಿಂಗ್ ಚಕ್ರದ ಮೇಲಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.

ಕೋರಲ್ ಅವಳನ್ನು ಹತ್ತಿರ ಕೂರಿಸಿಕೊಂಡು, ನೋವಿನ ಮಾತ್ರೆಯ ಅಮಲಿನಲ್ಲಿ ಮತ್ತೆ ಮೊಮ್ಮಗಳ ಗೌನಿನ ಕತೆಯನ್ನೇ ಮುಂದುವರಿಸಿದಳು. ಡೆಸ್ ಕಾಫಿ ತರುತ್ತೇನೆಂದು ಎದ್ದು ಹೋದವನು ಅವರು ಇದ್ದಷ್ಟು ಹೊತ್ತೂ ಬರಲಿಲ್ಲ.

ಕೆಲ್ವಿನ್‌ನನ್ನು ಪರೀಕ್ಷಿಸಿದ ಡಾಕ್ಟರು ಹೇಳಿದ್ದು ಅವಳು ಹೆದರಿದ್ದನ್ನೇ. ಲೈಸೆನ್ಸ್ ಹೋಯಿತು. ತಂಗಿ ಅಡಿಲೇಡ್‌ನಿಂದ ಫೋನ್ ಮಾಡಿ, ಆ ಡಬ್ಬ ಮಾರಿ ಒಂದು ಕಡೆ ನಿಲ್ಲು, ನಿನ್ನ ಕೈಲಾಗುವುದಿಲ್ಲ ಎಂದಳು. ನೊಯೆಲಿನ್ ಹೌದು ಎಂದಳು, ಆದರೆ ಮಾರಲಿಲ್ಲ. ಇಟ್ಟಿಗೆಯ ನಾಲ್ಕು ಗೋಡೆಯೊಳಗೆ ಹೋದರೆ ಕೆಲ್ವಿನ್ ಬಾಗಿಲು ಹುಡುಕಿ ಸುತ್ತುತ್ತಿದ್ದ. ಗಾಡಿಯೊಳಗೆ ಪ್ರತಿಯೊಂದು ಹಿಡಿ, ಪ್ರತಿಯೊಂದು ಕೊಕ್ಕೆ ಅವನ ಕೈಗೆ ಗೊತ್ತಿತ್ತು. ಹಾಗಾಗಿ ವಾಲರೂ ಊರಿನ ಕಡಲ ಪಕ್ಕದಲ್ಲಿ, ಇಂಥ ಗಾಡಿಗಳು ತಂಗುವ ಕ್ಯಾರವಾನ್ ಪಾರ್ಕಿನಲ್ಲಿ ಜಾಗ ಹಿಡಿದಳು. ವಾರಕ್ಕೊಮ್ಮೆ, ಎಷ್ಟೇ ಎದೆ ಹೊಡೆದುಕೊಂಡರೂ, ಗಾಡಿ ಹೊರಗೆ ತೆಗೆದಳು. ಮೊದಲು ಮೂಲೆಯ ಅಂಗಡಿಯವರೆಗೆ. ಆಮೇಲೆ ಪಕ್ಕದ ಊರಿನವರೆಗೆ. ಅವಳ ಹೆದರಿಕೆ ಕಡಿಮೆಯೇನೂ ಆಗಲಿಲ್ಲ. ಹಿಂದಿನ ಸಂಜೆಯಿಂದಲೇ ಊಟ ಸೇರುತ್ತಿರಲಿಲ್ಲ. ಹಾಗಿದ್ದೂ ಹೋಗುತ್ತಿದ್ದಳು.

ಮುಂದಿನ ಶರತ್ಕಾಲದಲ್ಲಿ ಡೆಸ್ ಒಬ್ಬನೇ ಬಂದ, ಫೋನೂ ಮಾಡದೆ. ಕೋರಲ್ ಮೊಮ್ಮಗಳ ಮನೆಯಲ್ಲಿದ್ದಾಳೆ ಎಂದ. ಗಾಡಿಯ ನೀರಿನ ಪೈಪು ಸೋರುತ್ತಿದ್ದದ್ದನ್ನು ಕೇಳದೆಯೇ ಸರಿ ಮಾಡಿದ. ಕೆಲ್ವಿನ್ ಜೊತೆ ಕಡಲ ಕಟ್ಟೆಯ ಮೇಲೆ ಗಾಳ ಹಾಕಿಕೊಂಡು ಇಡೀ ಮಧ್ಯಾಹ್ನ ಕೂತ. ಕೆಲ್ವಿನ್ ಅವನನ್ನು ರೈಲಿನಲ್ಲಿ ತನ್ನ ಕೈಕೆಳಗೆ ಬಂದ ಹೊಸ ಸಹಾಯಕ ಎಂದು ತಿಳಿದು ಎಂಜಿನ್ನಿನ ವಿಷಯ ಹೇಳಿಕೊಡುತ್ತಿದ್ದ. ಡೆಸ್ ಹೂಂ ಸರ್, ಹೂಂ ಸರ್ ಎನ್ನುತ್ತಿದ್ದ. ಸಂಜೆ ನೊಯೆಲಿನ್ ಸಾಸೇಜ್ ಹುರಿಯುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತ.

"ನಾನಿನ್ನೂ ನಿನ್ನ ಕ್ಷಮಿಸಿಲ್ಲ," ಎಂದ.

"ಗೊತ್ತು."

"ಅದು ಸೀದುಹೋಗ್ತಿದೆ. ತಿರುಗ್ಸು."

ಅವಳು ತಿರುಗಿಸಿದಳು. ಊಟವಾದ ಮೇಲೆ ತಟ್ಟೆ ತೊಳೆದಿಟ್ಟು ಡೆಸ್ ಹೊರಟ. ಕೋರಲ್‌ಗೆ ಒಂದು ಫೋನ್ ಮಾಡಬೇಕಂತೆ ನೀನು ಎಂದು ಕಾರಿನ ಕಿಟಕಿಯಿಂದ ಹೇಳಿದ.

ಈಗ ಅವಳು ಬೆಳಗ್ಗೆ ಎಚ್ಚರವಾದರೂ ಸ್ವಲ್ಪ ಹೊತ್ತು ಕಣ್ಣು ಬಿಡುವುದಿಲ್ಲ. ಪಕ್ಕದಲ್ಲಿ ಎದ್ದವನು ಯಾವ ಕೆಲ್ವಿನ್ ಎಂದು ಆಲಿಸುತ್ತಾಳೆ. ಒಂದು ದಿನ ಹಾಗೆ ಆಲಿಸಿದಾಗ ಹಾಸಿಗೆ ಖಾಲಿಯಿತ್ತು. ದಡಬಡಿಸಿ ಎದ್ದು ನೋಡಿದರೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಮುಂದಿನ ಎಡ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದ. ಅವಳನ್ನು ಕಂಡು ಮರ್ಯಾದೆಯಿಂದ ಸ್ವಲ್ಪ ಸರಿದು ಕೂತ.

"ಅಮ್ಮಾ, ಈ ಗಾಡಿ ಎಲ್ಲಿಗೆ ಹೋಗತ್ತೆ?"

ಹೆಸರು ಹಿಡಿದು ಕರೆಯದ ಆ ದಿನ ಬಂದೇ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳು ಸೀಟಿನ ಬೆನ್ನು ಹಿಡಿದು ನಿಂತಳು.

"ನಿಮಗೆ ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದಳು.

ಅವನು ಯೋಚಿಸಿದ. "ಹೊಳೆ ಕಡೆ ಹೋಗತ್ತಾ?"

"ಹೋಗತ್ತೆ," ಎಂದಳು ನೊಯೆಲಿನ್.

ರಾತ್ರಿಯ ಉಡುಪಿನ ಮೇಲೆಯೇ ಕೋಟು ಹಾಕಿಕೊಂಡಳು. ವಿದ್ಯುತ್ತಿನ ವೈರು ಕಳಚಿ ಸುತ್ತಿಟ್ಟಳು. ಬಲಗಡೆಯ ಸೀಟಿಗೆ ಹತ್ತಿ ಕೀಲಿ ತಿರುಗಿಸಿದಳು. ಅವನು ತಾಳ್ಮೆಯಿಂದ ಎದುರಿಗೆ ನೋಡುತ್ತ ಕೂತಿದ್ದ. ಪಾರ್ಕಿನ ಗೇಟು ದಾಟಿ, ಎರಡೂ ಕಡೆ ನೋಡಿ, ಇನ್ನೊಮ್ಮೆ ನೋಡಿ, ಅವಳು ಗಾಡಿಯನ್ನು ಹೊಳೆಯತ್ತ ಹೋಗುವ ಪೂರ್ವದ ರಸ್ತೆಗೆ ಇಳಿಸಿದಳು.